ಬೀದರಿಗೆ ಬಂದು ರಸೀದಿ ಬರೆಸಿಕೊಂಡು ಹೋದ ವಿಠ್ಠಲ

ಬಹಳ ದಿನದಿಂದ ಬರೀಬೇಕು ಬರೀಬೇಕು ಅಂತ ಅಂದುಕೊಂಡು ಮುಂದೂಡುತ್ತಾ ಬಂದಿದ್ದ ವಿಷಯ ಇದು. ಇವತ್ತು ಕೂತಿದ್ದೇನೆ, ಎಲ್ಲಿಗೆ ಹೋಗಿ ಮುಟ್ಟುತ್ತೋ ನೋಡೋಣ.

ನಮ್ಮೂರು ಎಕಂಬಾ. ಬೀದರ ಜಿಲ್ಲೆ, ಔರಾದ ತಾಲೂಕು. ಬೆಂಗಳೂರಿನ ಗೆಳೆಯರಿಗೆ ಹೇಳಿದರೆ "ಅದು ಕರ್ನಾಟಕದಲ್ಲೇ ಇದೆಯಾ?" ಅಂತ ಕೇಳುತ್ತಾರೆ. ಇದೆ ಮಾರಾಯ್ರೆ. ಆದರೆ ಮನೇಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹಳೇ ಜಮೀನಿನ ಕಾಗದದಲ್ಲಿ ಉರ್ದು, ಹೀಗೆ ನಮ್ಮದು ಮೂರು ಬಾಯಿಯ ಸೀಮೆ. ದೇವರು ಯಾವ ಭಾಷೆಯವನು ಅಂತ ಇಲ್ಲಿ ಯಾರೂ ಕೇಳೋದಿಲ್ಲ. ಔರಾದಿನ ಅಮರೇಶ್ವರನ ಜಾತ್ರೆಗೂ ಹೋಗುತ್ತೇವೆ, ಖಾನಾಪುರದ ಮೈಲಾರ ಮಲ್ಲಣ್ಣನಿಗೂ ಭಂಡಾರ ಹಾರಿಸುತ್ತೇವೆ, ಆಷಾಢ ಬಂತೆಂದರೆ ಇನ್ನೂರು ಕಿಲೋಮೀಟರಿಗೂ ಮೇಲಿರುವ ಪಂಢರಪುರದ ದಾರಿ ಹಿಡಿಯುತ್ತೇವೆ.

ನನ್ನ ಮುತ್ಯಾ ತುಳಸಿ ಮಾಲೆ ಹಾಕಿಸಿಕೊಂಡ ವಾರಕರಿ. ಊರಲ್ಲಿ ಹರಿನಾಮ ಸಪ್ತಾಹ ಇಟ್ಟರೆ ಏಳೂ ದಿನ ಅವರು ಗುಡಿ ಬಿಟ್ಟು ಕದಲುತ್ತಿರಲಿಲ್ಲ. ರಾತ್ರಿ ಕೀರ್ತನ, ಪಖವಾಜದ ಸದ್ದು, ಹಣೆಗೆ ಬುಕ್ಕಾ. ನಾವು ಹುಡುಗರು ತಾಳ ಕುಟ್ಟುತ್ತಾ ಕುಟ್ಟುತ್ತಾ ಅಲ್ಲೇ ನಿದ್ದೆ ಹೋಗುತ್ತಿದ್ದೆವು. ಏಳು ದಿನದಲ್ಲಿ ಒಂದು ದಿನವಾದರೂ ಕೀರ್ತನಕಾರರು ದಾಮಾಜಿಪಂತರ ಕಥೆ ತೆಗೆಯಲೇಬೇಕು. ಬೀದರದ ಕಥೆಯಲ್ಲವೇ, ನಮ್ಮ ಜನಕ್ಕೆ ಅದರ ಮೇಲೆ ಒಂದು ಹಿಡಿ ಪ್ರೀತಿ ಜಾಸ್ತಿ. ಎಲ್ಲರೂ ಮುಂದೆ ಸರಿದು ಕೂರುತ್ತಿದ್ದರು. ಆದರೆ ಕಥೆಯಲ್ಲಿ ವಿಠ್ಠಲ ಬೀದರದ ದರಬಾರಿಗೆ ಬಂದು ನಿಲ್ಲುತ್ತಾನಲ್ಲ, ಸರಿಯಾಗಿ ಆ ಜಾಗಕ್ಕೆ ಮುತ್ಯಾ ಎದ್ದು ಹೊರಗೆ ಹೋಗುತ್ತಿದ್ದರು! ಒಂದು ವರ್ಷ ಅಲ್ಲ, ಪ್ರತಿ ವರ್ಷ. ಎಲೆ ಅಡಿಕೆ ಉಗುಳಲಿಕ್ಕೆ ಹೋದರೇನೋ ಅಂತ ಮೊದಮೊದಲು ನಾನು ತಿಳಿದಿದ್ದೆ.

ಅದರ ವಿಷಯ ಆಮೇಲೆ. ಮೊದಲು ಕಥೆ. ದಕ್ಷಿಣದ ಕಡೆಯ ಓದುಗರಿಗೆ ಇದು ಗೊತ್ತಿರಲಿಕ್ಕಿಲ್ಲ.

ಬಹಮನಿ ಸುಲ್ತಾನರ ಕಾಲ. ಗುಲಬರ್ಗಾದಲ್ಲಿದ್ದ ರಾಜಧಾನಿಯನ್ನು ಅಹಮದ್ ಶಾ ವಲಿ ಬೀದರಿಗೆ ತಂದು ಒಂದು ತಲೆಮಾರು ಕಳೆದಿತ್ತು. ಪಂಢರಪುರದಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಮಂಗಳವೇಢೆಯಲ್ಲಿ ದಾಮಾಜಿಪಂತ ಎಂಬ ಅಧಿಕಾರಿ. ಸರ್ಕಾರದ ಕಂದಾಯ ಆಗ ಬಹುಪಾಲು ಧಾನ್ಯದಲ್ಲೇ ಬರುತ್ತಿತ್ತು, ಅದನ್ನು ತುಂಬಿಡುವ ಹಗೇವುಗಳ ಉಸ್ತುವಾರಿ ಇವನದು. ಮಳೆ ಕೈಕೊಟ್ಟಿತು. ಹಸಿದ ಬ್ರಾಹ್ಮಣನೊಬ್ಬ ಪಂಢರಪುರದಿಂದ ಬಂದ. ಊಟಕ್ಕೆ ಕೂರಿಸಿದರೆ ಎಲೆಯ ಮುಂದೆ ಕಣ್ಣೀರು ಹಾಕಿದ. ಮನೇಲಿ ಹೆಂಡತಿ ಮಕ್ಕಳು ಉಪವಾಸ, ನಾನೊಬ್ಬ ಹೇಗೆ ತಿನ್ನಲಿ ಅಂತ. ದಾಮಾಜಿ ಅವನಿಗೆ ಜೋಳ ಹೇರಿಸಿ ಕಳಿಸಿದ. ಸುದ್ದಿ ಹಬ್ಬಿತು, ಸಾಲುಸಾಲಾಗಿ ಜನ ಬಂದರು. ದಾಮಾಜಿ ಸರ್ಕಾರಿ ಹಗೇವುಗಳ ಬಾಯಿ ತೆರೆಸಿಬಿಟ್ಟ. ಅಪ್ಪಣೆ ಕೇಳಲಿಲ್ಲ.

ಕೈಕೆಳಗಿನವನೊಬ್ಬ ಬೀದರಿಗೆ ಚಾಡಿ ಬರೆದ (ಆ ಕಾಲದಲ್ಲೂ ಇದ್ದರು ನೋಡಿ). ಸುಲ್ತಾನನ ಸಿಪಾಯಿಗಳು ಬಂದು ದಾಮಾಜಿಯನ್ನು ಹಿಡಿದು ಹೊರಟರು. ದಾರಿಯಲ್ಲಿ ಅವನು ಕೇಳಿದ್ದು ಒಂದೇ, ಪಂಢರಪುರದಲ್ಲಿ ಒಮ್ಮೆ ದರ್ಶನ ಮಾಡಿಸಿ ಅಂತ. ಆಯಿತು. ಇತ್ತ ಅವನು ಇನ್ನೂ ದಾರಿಯಲ್ಲಿರುವಾಗಲೇ ಬೀದರದ ದರಬಾರಿಗೆ ಒಬ್ಬ ಮಹಾರ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಸೊಂಟದಲ್ಲಿ ಸಣ್ಣ ಚೀಲ. ಹೆಸರು ವಿಠೂ, ದಾಮಾಜಿಪಂತರ ಮನೆಯ ಆಳು ಅಂದ. ಧಾನ್ಯದ ಬೆಲೆ ತಂದಿದ್ದೇನೆ, ಎಣಿಸಿಕೊಳ್ಳಿ ಅಂತ ಚೀಲ ಸುರಿದ. ಹೊನ್ನು ಸುರಿಯಿತು, ಸುರಿಯುತ್ತಲೇ ಇತ್ತು, ಚೀಲ ಬರಿದಾಗಲಿಲ್ಲ. ಲೆಕ್ಕ ಮುಗಿದ ಮೇಲೆ ಅವನು ಸುಮ್ಮನೆ ಹೋಗಲಿಲ್ಲ. ಪಾವತಿ ಆಗಿದ್ದಕ್ಕೆ ರಸೀದಿ ಕೇಳಿದ! ಮೊಹರು ಹಾಕಿಸಿಕೊಂಡೇ ಹೋದ. ಆ ರಸೀದಿ ದಾಮಾಜಿ ಓದುವ ಗೀತೆಯ ಪುಸ್ತಕದೊಳಗೆ ಸಿಕ್ಕಿತು ಅಂತ ಕಥೆ. ಓದಿದ ಕೂಡಲೇ ದಾಮಾಜಿಗೆ ಎಲ್ಲ ಹೊಳೆಯಿತು, ನೌಕರಿ ಬಿಟ್ಟು ಪಂಢರಪುರ ಸೇರಿದ.

ನನಗೆ ಈ ರಸೀದಿಯ ಭಾಗ ಬಹಳ ಇಷ್ಟ. ಹೊನ್ನಿನ ಮಳೆ ಯಾವ ಪವಾಡದಲ್ಲೂ ಬರುತ್ತೆ. ಆದರೆ ಭಕ್ತನ ಮೇಲೆ ನಾಳೆ ಮತ್ತೆ ಬಾಕಿ ತೋರಿಸಬಾರದು ಅಂತ ಕಾಗದ ಪತ್ರ ಪಕ್ಕಾ ಮಾಡಿಕೊಂಡು ಹೋಗುವ ದೇವರು ಬೇರೆಲ್ಲಿ ಸಿಗುತ್ತಾನೆ? ಕಚೇರಿಗೆ ಅಲೆದವರಿಗೆ ಮಾತ್ರ ಇದರ ಬೆಲೆ ಗೊತ್ತು.

ಈಗ ಇತಿಹಾಸ. ಇದರಲ್ಲಿ ನಿಜ ಎಷ್ಟು?

ಬರ ನಿಜ. ಬ್ರಿಟಿಷರ ಕಾಲದ ಬಾಂಬೆ ಗೆಜೆಟಿಯರುಗಳಲ್ಲಿ ದಖ್ಖನಿನ ಹಳೇ ಬರಗಳ ಪಟ್ಟಿ ಇದೆ. 1396ರಿಂದ ಸುಮಾರು ಹನ್ನೆರಡು ವರ್ಷ ಕಾಡಿತೆನ್ನುವ ದುರ್ಗಾದೇವಿ ಬರ, ಆಮೇಲೆ 1460ರದು. ಈ ಎರಡನೆಯದಕ್ಕೆ ಅಲ್ಲಿ ದಾಮಾಜಿಪಂತನ ಬರ ಅಂತಲೇ ಹೆಸರು. ಅದು ಮುಗಿದು ಹತ್ತು ಹನ್ನೆರಡು ವರ್ಷಕ್ಕೆ, 1472-73ರ ಹೊತ್ತಿಗೆ, ಮತ್ತೆ ಎರಡು ವರ್ಷ ಬಿತ್ತನೆಯೇ ಆಗದ ಬರ. ಅದನ್ನು ಪಾರ್ಸಿ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ, ಅವನ ಬಾಯಲ್ಲಿ ಅದು ಬಿಜಾಪುರದ ಬರ. ಮಹಮೂದ್ ಗವಾನನ ಮದರಸಾ ಬೀದರದಲ್ಲಿ ಎದ್ದು ನಿಂತಿದ್ದು 1472ರಲ್ಲಿ. ಅಂದರೆ ಆ ನೀಲಿ ಹಸಿರು ಹೆಂಚು ಕೂರಿಸುತ್ತಿದ್ದ ದಿನಗಳಲ್ಲೇ ಸುತ್ತಲಿನ ಸೀಮೆ ಒಣಗುತ್ತಿತ್ತು. ಮದರಸಾ ನೋಡಲಿಕ್ಕೆ ಬರುವ ಪ್ರವಾಸಿಗರಿಗೆ ಯಾವ ಗೈಡೂ ಇದನ್ನು ಹೇಳುವುದಿಲ್ಲ.

1460 ಅಂತಿಟ್ಟುಕೊಂಡರೆ ಸಿಂಹಾಸನದ ಮೇಲಿದ್ದವನು ಹುಮಾಯೂನ್ ಶಾ (1458-61). ಇವನಿಗೆ ಇತಿಹಾಸ ಕೊಟ್ಟ ಬಿರುದು ಜಾಲಿಮ್, ಅಂದರೆ ಕ್ರೂರಿ. ಅಷ್ಟೂರಿನಲ್ಲಿ ಇವನ ಗೋರಿ ನೋಡಿದ್ದೀರಾ? ಸಿಡಿಲು ಬಡಿದು ಗುಮ್ಮಟ ಸೀಳಿ ಹೋಗಿದೆ, ಅರ್ಧ ಮಾತ್ರ ನಿಂತಿದೆ. ಜನ ಅದಕ್ಕೂ ಒಂದು ಅರ್ಥ ಹಚ್ಚಿದ್ದಾರೆ ಬಿಡಿ. ಕೆಲವೇ ಹೆಜ್ಜೆ ಆಚೆ ಅವನ ಅಜ್ಜ ಅಹಮದ್ ಶಾ ವಲಿಯ ಗೋರಿ, ಅಲ್ಲಿ ಅವನನ್ನು ಅಲ್ಲಮಪ್ರಭು ಅಂತ ಪೂಜಿಸುವವರೂ ಇದ್ದಾರೆ, ಉರುಸಿಗೆ ಜಂಗಮರು ಬರುತ್ತಾರೆ. ನಮ್ಮ ಸೀಮೆಯ ಸ್ವಭಾವವೇ ಹಾಗೆ. ಕಥೆಯ ಕೊನೆಯಲ್ಲಿ ಸುಲ್ತಾನ ವಿಠೂ ಮಹಾರನನ್ನು ಮತ್ತೊಮ್ಮೆ ನೋಡಬೇಕು ಅಂತ ಹಂಬಲಿಸಿ ದಾಮಾಜಿಯ ಎದುರಿಗೆ ಓಡಿ ಬರುತ್ತಾನೆ. ಜಾಲಿಮ್ ಹುಮಾಯೂನನನ್ನು ಹಾಗೆ ಕಲ್ಪಿಸಿಕೊಳ್ಳುವುದು ಕಷ್ಟ, ಆದರೆ ಕಥೆಗಾರರು ಅವನನ್ನೂ ಕೈಬಿಡಲಿಲ್ಲ.

ಇನ್ನು ದಾಮಾಜಿ. ಇವತ್ತು ಹೆಚ್ಚಿನ ಕೀರ್ತನಕಾರರು ಹೇಳುವ ರೂಪ ತಾಹರಾಬಾದಿನ ಮಹೀಪತಿ 1762ರಲ್ಲಿ ಮುಗಿಸಿದ ಭಕ್ತವಿಜಯದ್ದು. ಬರಕ್ಕೂ ಈ ಪುಸ್ತಕಕ್ಕೂ ಮಧ್ಯೆ ಮುನ್ನೂರು ವರ್ಷ. ಹಾಗಾಗಿ ದರಬಾರಿನ ಸಂಭಾಷಣೆಯೆಲ್ಲ ನಡೆದ ಹಾಗೇ ಇದೆ ಅಂತ ನಾನು ವಾದಿಸುವುದಿಲ್ಲ. ಆದರೆ ಬರಗಾಲಕ್ಕೆ ಜನ ರಾಜನ ಹೆಸರನ್ನಾಗಲಿ ಮಂತ್ರಿಯ ಹೆಸರನ್ನಾಗಲಿ ಇಡದೆ, ಹಗೇವು ತೆರೆದ ಒಬ್ಬ ಅಧಿಕಾರಿಯ ಹೆಸರು ಇಟ್ಟು ನಾನೂರು ವರ್ಷ ಉಳಿಸಿಕೊಂಡು ಬಂದರು, ಬ್ರಿಟಿಷ್ ಸಾಹೇಬರು ಬಂದು ಕೇಳಿದಾಗ ಅದನ್ನೇ ಬರೆಸಿದರು. ಅಂಥ ನೆನಪು ಗಾಳಿಯಲ್ಲಿ ಹುಟ್ಟುವುದಿಲ್ಲ ಅಂತ ನನ್ನ ಅನಿಸಿಕೆ.

ಮಂಗಳವೇಢೆ ಮರಾಠಿ ಊರು, ನಮಗೇನು ಸಂಬಂಧ ಅನ್ನಬೇಡಿ. ಅದು ಶಾಸನಗಳ ಮಂಗಳಿವೇಡ, ಕಳಚುರಿಗಳ ಮೂಲ ರಾಜಧಾನಿ. ಬಿಜ್ಜಳ ಅಲ್ಲಿಂದಲೇ ಕಲ್ಯಾಣಕ್ಕೆ ಬಂದವನು. ಬಸವಣ್ಣ ಕರಣಿಕನಾಗಿ ಸೇರಿದ್ದೂ ಅಲ್ಲೇ ಅಂತ ನಮ್ಮ ಕವಿಗಳ ಪರಂಪರೆ. ಪಂಢರಪುರವೂ ಅಷ್ಟೇ. ವಿಠೋಬನ ಗುಡಿಯ ಒಂದು ತೊಲೆಯ ಮೇಲೆ 1237ರ ಶಾಸನ ಇದೆ. ಹೊಯ್ಸಳ ಸೋಮೇಶ್ವರ ವಿಠ್ಠಲನ ನೈವೇದ್ಯದ ಖರ್ಚಿಗೆ ಒಂದು ಹಳ್ಳಿ ಬಿಟ್ಟುಕೊಟ್ಟ ವಿಷಯ, ಸಂಸ್ಕೃತ ಮತ್ತು ಕನ್ನಡದಲ್ಲಿ.

ಈಗ ಬಸವಣ್ಣನ ಮಾತು ಬಂತಲ್ಲ, ಒಂದು ತಮಾಷೆ ನೋಡಿ. 1369ರಲ್ಲಿ ಭೀಮಕವಿ ಬರೆದ ಬಸವಪುರಾಣದಲ್ಲಿ ಭಂಡಾರಿ ಬಸವಣ್ಣನ ಮೇಲೆ ಚಾಡಿ ಬರುತ್ತೆ, ಬೊಕ್ಕಸದ ಹಣವನ್ನೆಲ್ಲ ಜಂಗಮರಿಗೆ ಸುರಿದ ಅಂತ. ಬಿಜ್ಜಳ ಎಣಿಸಿ ನೋಡಿದರೆ ಒಂದು ಕಾಸೂ ಕಡಿಮೆ ಇಲ್ಲ. ಆಮೇಲೆ ಪೂರ್ವಕ್ಕೆ ಹೋಗಿ. ಗೋಲ್ಕೊಂಡದ ಅಬುಲ್ ಹಸನ್ ತಾನೀಷಾ (1672-87) ಕಾಲದಲ್ಲಿ ಕಂಚರ್ಲ ಗೋಪಣ್ಣ ಎಂಬ ತಹಶೀಲ್ದಾರ, ಅಂದರೆ ನಮ್ಮ ಭದ್ರಾಚಲ ರಾಮದಾಸ, ಸರ್ಕಾರದ ಹಣದಲ್ಲಿ ರಾಮನ ಗುಡಿ ಕಟ್ಟಿಸಿ ಸೆರೆಮನೆ ಸೇರಿದ. ರಾಮ ಲಕ್ಷ್ಮಣರೇ ಆಳುಗಳ ವೇಷದಲ್ಲಿ ಬಂದು ಆರು ಲಕ್ಷ ಎಣಿಸಿ, ಹೌದು, ರಸೀದಿ ಬರೆಸಿಕೊಂಡು ಹೋದರು! ಕಲ್ಯಾಣ, ಬೀದರ, ಗೋಲ್ಕೊಂಡ. ಮೂರೂ ನೆಲೆಗಳು ಒಂದೇ ಹೆದ್ದಾರಿಯ ಆಚೀಚೆ ಇದ್ದ ಹಾಗೆ. ಐನೂರು ವರ್ಷಗಳ ಅಂತರದಲ್ಲಿ ಮೂರು ಮತ, ಮೂರು ಭಾಷೆಯ ಜನ ಒಂದೇ ಮಾತನ್ನು ಹೇಳಿಕೊಂಡರು. ಸರ್ಕಾರಿ ಲೆಕ್ಕದ ಕೈಗೆ ಸಿಕ್ಕ ಭಕ್ತನನ್ನು ದೇವರು ನಡುನೀರಿನಲ್ಲಿ ಬಿಡುವುದಿಲ್ಲ ಅಂತ. ಒಂದರಿಂದ ಇನ್ನೊಂದು ಹುಟ್ಟಿತು ಅಂತ ವಿದ್ವಾಂಸರು ಹೇಳಬಹುದು. ನನಗಂತೂ ಅನಿಸೋದು ಬೇರೆ. ಈ ಸೀಮೆಯಲ್ಲಿ ಬರವೂ ಕಂದಾಯವೂ ಎಂದೂ ತಪ್ಪಿದ್ದಿಲ್ಲ. ಎರಡರ ಮಧ್ಯೆ ಸಿಕ್ಕಿಬಿದ್ದವರಿಗೆ ತಪ್ಪದ ಮಾತಿನವನು ಒಬ್ಬ ಬೇಕಿತ್ತು.

ಆದರೂ ಮೂರರಲ್ಲಿ ದಾಮಾಜಿಯ ಕಥೆಯೇ ದೊಡ್ಡದು ಅಂತ ನನ್ನ ತೀರ್ಮಾನ. ಬಸವಣ್ಣ ಪರರ ಹಣ ಮುಟ್ಟಿರಲೇ ಇಲ್ಲ, ಎಣಿಸಿದರೆ ಸರಿ ಇತ್ತು. ಗೋಪಣ್ಣ ಗುಡಿ ಕಟ್ಟಿಸಿದ, ದೇವರಿಗೂ ಅದರಲ್ಲಿ ಒಂದು ಪಾಲು ಇತ್ತು ಅನ್ನಿ. ದಾಮಾಜಿ ಮಾತ್ರ ಕಾನೂನಿನ ಪ್ರಕಾರ ನಿಜವಾಗಿ ತಪ್ಪಿತಸ್ಥ. ಹಗೇವು ಬರಿದಾಗಿತ್ತು, ತುಂಬುವ ದಾರಿ ಇರಲಿಲ್ಲ. ಮತ್ತೆ ಗಮನಿಸಿ, ಹಗೇವು ತೆರೆಯುವಾಗ ಅವನಿಗೆ ಯಾರೂ ಏನೂ ಮಾತು ಕೊಟ್ಟಿರಲಿಲ್ಲ. ಕನಸಿನಲ್ಲಿ ವಿಠ್ಠಲ ಬಂದು ನಾನಿದ್ದೇನೆ ಕೊಡು ಅಂದಿರಲಿಲ್ಲ. ಕೊಟ್ಟ ಮೇಲೆ, ಕೈಗೆ ಬೇಡಿ ಬಿದ್ದ ಮೇಲೆ, ಅವನಿಗೆ ಗೊತ್ತೇ ಆಗದ ಹಾಗೆ ಬೀದರದಲ್ಲಿ ಬಾಕಿ ತೀರಿತು.

ವಿಠ್ಠಲ ಯಾವ ವೇಷದಲ್ಲಿ ಬಂದ ಅನ್ನೋದೂ ಸಣ್ಣ ವಿಷಯವಲ್ಲ. ಮಹಾರ ಅಂದರೆ ಊರ ಹೊರಗಿನ ಕೇರಿಯವನು. ಸರ್ಕಾರದ ಓಲೆ ಹೊರುವುದು, ಗಡಿ ತೋರಿಸುವುದು, ಖಜಾನೆಗೆ ಕಂದಾಯ ತಲುಪಿಸುವುದು ಅವನ ಪಾಲಿನ ಚಾಕರಿ. ಊರಿನ ಹಣ ಬೀದರಿಗೆ ಹೊತ್ತುಕೊಂಡು ಹೋಗಲಿಕ್ಕೆ ನಂಬಿಕಸ್ಥ, ಗುಡಿಯ ಹೊಸ್ತಿಲು ತುಳಿಯಲಿಕ್ಕೆ ಮಾತ್ರ ಆಗದು! ಅದೇ ಮಂಗಳವೇಢೆಯಲ್ಲಿ 1338ರಲ್ಲಿ ಗೋಡೆ ಕಟ್ಟುವಾಗ ಅದು ಕುಸಿದು ಸಂತ ಚೋಖಾಮೇಳ ಸತ್ತ, ಅವನೂ ಮಹಾರ. ಅವನ ಸಮಾಧಿ ಇರುವುದು ವಿಠೋಬನ ಗುಡಿಯ ಹೊರಗೆ, ಮೆಟ್ಟಿಲ ಕೆಳಗೆ. ದೇವರೇ ಮಹಾರನಾಗಿ ಬೀದರಿಗೆ ಹೋಗಿ ಬಂದ ಅಂತ ಶತಮಾನಗಟ್ಟಲೆ ಕಣ್ಣೀರು ಸುರಿಸಿ ಕೇಳಿದ ಜನ, ಮಹಾರರಿಗೆ ಆ ಗುಡಿಯ ಬಾಗಿಲು ತೆರೆದಿದ್ದು 1947ರ ಮೇ ತಿಂಗಳಲ್ಲಿ. ಅದೂ ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಮಹಾರರಲ್ಲಿ ಇನ್ನೊಂದು ಹಳೇ ನಂಬಿಕೆ ಇತ್ತು. ಊರಿನ ಮೇಲೆ ತಮಗೆ ಐವತ್ತೆರಡು ಹಕ್ಕುಗಳನ್ನು ಬೀದರದ ಬಾದಶಾಹ ಕೊಟ್ಟಿದ್ದಾನೆ ಅಂತ. ಅಂಬೇಡ್ಕರ್ ಅವರು 1948ರ ತಮ್ಮ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ ಇದನ್ನು ಹೇಳಿದ್ದಾರೆ. ಆ ಹಕ್ಕುಗಳ ಹೆಸರಿನಲ್ಲಿ ನಡೆಯುತ್ತಿದ್ದ ಬಿಟ್ಟಿ ಚಾಕರಿ ಬೇಡವೆಂದು 1928ರಲ್ಲೇ ಬಾಂಬೆ ಶಾಸನಸಭೆಯಲ್ಲಿ ಮಸೂದೆ ತಂದವರೂ ಅವರೇ. ದೇವರು ಮಾತು ಉಳಿಸಿಕೊಂಡ. ಊರಿನವರು?

ಇದೇ ಪ್ರಶ್ನೆಗೆ ನಾನು ನಮ್ಮ ಮನೆಯಲ್ಲೇ ಸಿಕ್ಕಿಹಾಕಿಕೊಂಡಿದ್ದು.

ಮುತ್ಯಾನ ದೇವರ ಮೇಲಿನ ನಂಬಿಕೆಯಲ್ಲಿ ನನಗೆ ಎಂದೂ ಅನುಮಾನ ಬಂದಿಲ್ಲ. ಹತ್ತನೇ ಕ್ಲಾಸಿನ ಹೊತ್ತಿಗೆ ನನಗೆ ವಿಚಾರವಾದದ ಹುಚ್ಚು ಹಿಡಿದಿತ್ತು. ವಿಠ್ಠಲ ಇದ್ದಾನೆ ಅಂತ ಹೆಂಗ ಹೇಳ್ತೀರಿ ಅಂತ ಕೇಳಿದ್ದೆ. "ಪುಂಡಲೀಕ ನಿಲ್ಲು ಅಂದ, ನಿಂತ. ಇಟ್ಟಂಗಿ ಮ್ಯಾಲ ಇನ್ನಾ ನಿಂತಾನ ನೋಡು. ಕೂತಾನೇನು? ಎದ್ದು ಹೋಗ್ಯಾನೇನು?" ಅಂದರು. ಕಥೆ ನಿಮಗೆ ಗೊತ್ತಿರುತ್ತೆ. ಪುಂಡಲೀಕ ತಂದೆತಾಯಿಯ ಸೇವೆಯಲ್ಲಿದ್ದಾಗ ದೇವರು ಬಾಗಿಲಿಗೆ ಬಂದ, ಇವನು ಒಂದು ಇಟ್ಟಂಗಿ ಎಸೆದು, ಅದರ ಮೇಲೆ ನಿಂತಿರು ಅಂದ. ಬೇರೆ ದೇವರಿಗೆ ಚಕ್ರ ಇದೆ, ತ್ರಿಶೂಲ ಇದೆ. ನಮ್ಮ ವಿಠ್ಠಲ ಸೊಂಟದ ಮೇಲೆ ಕೈ ಇಟ್ಟುಕೊಂಡು ಬರೀ ಕಾಯುತ್ತಾನೆ. "ಮಾತು ತಪ್ಪೋದು ನಾವು, ಅಂವ ಅಲ್ಲ" ಅಂತ ಮುತ್ಯಾ ಅವತ್ತು ಕೊನೆಗೆ ಒಂದು ಮಾತು ಸೇರಿಸಿದ್ದರು. ವಾರಕರಿಗಳು ಎಲ್ಲರೂ ಹೇಳುವ ಮಾತು ಅಂತ ನಾನು ಬಿಟ್ಟುಬಿಟ್ಟಿದ್ದೆ.

ಮುತ್ಯಾ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಆಯಿ ಹೇಳಿದಳು, 1972ರ ಬರದ ವಿಷಯ. ಮಹಾರಾಷ್ಟ್ರದಲ್ಲೂ ನಮ್ಮ ಕಡೆಯೂ ಆ ಬರ ಕಂಡವರು ಈಗಲೂ ವಯಸ್ಸನ್ನು ಅದರ ಮೇಲೇ ಲೆಕ್ಕ ಹಾಕುತ್ತಾರೆ, "ಬಾಹತ್ತರದ ಬರದಾಗ ಇಷ್ಟಿದ್ದೆ" ಅಂತ. ರಸ್ತೆಗೆ ಜಲ್ಲಿ ಒಡೆಯುವ ಕೂಲಿ, ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಆ ಬರದಿಂದಲೇ ಉದ್ಯೋಗ ಖಾತ್ರಿ ಹುಟ್ಟಿತು, 1977ರಲ್ಲಿ ಅದು ಕಾಯ್ದೆಯೂ ಆಯಿತು. ದೇಶಕ್ಕೆಲ್ಲ ಅಂಥದೊಂದು ಕಾಯ್ದೆ 2005ರಲ್ಲಿ ಬಂದಾಗ ಮೊದಲ ಸುತ್ತಿನ ಜಿಲ್ಲೆಗಳಲ್ಲಿ ನಮ್ಮ ಬೀದರವೂ ಇತ್ತು. ಇರಲಿ, ಅದೆಲ್ಲ ಮುಂದಿನ ಮಾತು.

ನಮ್ಮ ಮನೆ ಮುಂದೆ ಒಂದು ಹಗೇವು ಇತ್ತು. ನೋಡದವರಿಗೆ ಹೇಳಬೇಕು. ಗಟ್ಟಿ ಮುರಂ ನೆಲದಲ್ಲಿ ಬಾವಿಯ ಹಾಗೆ ತೋಡಿ, ಒಳಗೆ ಸುತ್ತಲೂ ಕಣಿಕೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಇಟ್ಟು ಮಣ್ಣು ಮೆತ್ತುತ್ತಾರೆ. ಗಾಳಿ ನೀರು ಸೋಕದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದ ಕೂಡಲೇ ಇಳಿಯುವ ಹಾಗಿಲ್ಲ, ಒಳಗಿನ ಗಾಳಿ ವಿಷ. ಒಂದು ಹೊತ್ತು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

ಆ ವರ್ಷ ಹಗೇವಿನಲ್ಲಿ ಎರಡು ವರ್ಷದ ಹಿಂದಿನ ಜೋಳ ಇತ್ತು. ಮುತ್ಯಾ ಒಮ್ಮೆ ತೆರೆಸಿದರು, ಬಂಧು ಬಳಗಕ್ಕೆ, ಬೇಡಿದವರಿಗೆ ಕೊಟ್ಟರು. ಅಷ್ಟು ನಿಜ. ಅರ್ಧಕ್ಕೆ ಬಂದಾಗ ಹೆದರಿಕೆ ಹತ್ತಿತು. ಮನೆ ತುಂಬಾ ಮಕ್ಕಳು, ಮುಂದಿನ ವರ್ಷವೂ ಮಳೆ ಆಗದಿದ್ದರೆ? ಕಲ್ಲು ಮುಚ್ಚಿಸಿ ಮಣ್ಣು ಮೆತ್ತಿಸಿದರು. ಅದರ ಮರುದಿನ ಊರ ಹೊರಗಿನ ಕೇರಿಯಿಂದ ಒಬ್ಬ ಬಂದ. ನಮ್ಮ ಹೊಲದಲ್ಲೇ ದುಡಿದವನು. ಬರಿಗೈಯಲ್ಲಿ ಬಂದಿರಲಿಲ್ಲ, ಒತ್ತೆಗೆ ಅಂತ ಒಂದು ಹಿತ್ತಾಳೆ ತಂಬಿಗೆ ತಂದಿದ್ದ.

"ನಾಳಿ ಬಾ ಅಂದ್ರು" ಅಂದಳು ಆಯಿ. "ತೆರದ್ರ ಮತ್ತ ಎಲ್ಲಾರೂ ಬರ್ತಾರ ಅಂತ. ನಾಳಿ ಬಾ, ನೋಡೋಣು ಅಂದ್ರು. ಅಂವ ಆಯ್ತು ಯಪ್ಪಾ ಅಂದ. ತಂಬಿಗಿ ಇಲ್ಲೇ ಇರ್ಲಿ ಅಂತ ಕಟ್ಟಿ ಮ್ಯಾಲ ಇಟ್ಟು ಹೋದ."

ನಾಳೆ ಅವನು ಬರಲಿಲ್ಲ. ಆ ರಾತ್ರಿಯೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ದೇಶಾಂತರ ಹೋಗಿಬಿಟ್ಟಿದ್ದ. ಮುಂಬೈ ಅಂದರು ಕೆಲವರು, ಹೈದರಾಬಾದ್ ಅಂದರು ಕೆಲವರು. ಮುಂದಿನ ವರ್ಷ ಮಳೆ ಆಯಿತು. ಹೋದವರಲ್ಲಿ ಎಷ್ಟೋ ಜನ ತಿರುಗಿ ಬಂದರು, ಅವನು ಬರಲಿಲ್ಲ. ಮುತ್ಯಾ ಎರಡು ಸಲ ಹೈದರಾಬಾದಿಗೆ ಹೋಗಿ ಹುಡುಕಿ ಬಂದಿದ್ದರಂತೆ. ಯಾವ ಕೆಲಸಕ್ಕೆ ಹೋಗಿದ್ದರು ಅಂತ ಮನೆಯಲ್ಲಿ ಆಯಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ನಾನು ಚಿಕ್ಕವನಿದ್ದಾಗ ಒಂದು ಆಷಾಢಕ್ಕೆ ಅವರ ಜೊತೆ ಪಂಢರಪುರಕ್ಕೆ ಹೋಗಿದ್ದೆ. ಚಂದ್ರಭಾಗೆಯಲ್ಲಿ ಮುಳುಗಿ ಎದ್ದು ಬಂದವರು ಚೋಖಾಮೇಳನ ಸಮಾಧಿಯ ಮುಂದೆ ಬಹಳ ಹೊತ್ತು ಬಗ್ಗಿದ್ದರು. ಹಿಂದೆ ಜನ ತಳ್ಳುತ್ತಿದ್ದರು, ನಾನು ಅಂಗಿ ಹಿಡಿದು ಜಗ್ಗುತ್ತಿದ್ದೆ. ಬರುವಾಗ ಮಂಗಳವೇಢೆಯಲ್ಲಿ ಎಲ್ಲರೂ ದಾಮಾಜಿಯ ಗುಡಿಗೆ ಇಳಿದರು. ಮುತ್ಯಾ ಇಳಿಯಲಿಲ್ಲ. ಮೊಣಕಾಲು ನೋವು ಅಂದರು.

ಹಗೇವನ್ನು ಮುಚ್ಚಿಸಿ ಅದರ ಮೇಲೆ ಈಗ ಮೋಟರ್ ಸೈಕಲ್ ನಿಲ್ಲಿಸುತ್ತೇವೆ. ಆ ತಂಬಿಗೆ ಮಾತ್ರ ದೇವರ ಮಾಡದಲ್ಲಿ ವಿಠ್ಠಲನ ಫೋಟೋ ಪಕ್ಕದಲ್ಲೇ ಇದೆ. ನೀರಿಗೆ ಬಳಸುವುದಿಲ್ಲ. ಆಷಾಢ ಏಕಾದಶಿಯ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ತಿಕ್ಕಿ ಇಡುತ್ತೇವೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿದ್ದಾರೆ. ಹೋದ ವರ್ಷ ಬಿಸಿಲಿಗೆ ಹಿಡಿದು ನೋಡಿದೆ, ತಿಕ್ಕಿ ತಿಕ್ಕಿ ಸವೆದು ಮೊದಲ ಅಕ್ಷರವೊಂದೇ ಓದಲಿಕ್ಕೆ ಬರುತ್ತೆ.